ಐಪಿ ದೂರಿನಿಂದ ಸೆಲ್ಲರ್ ಅಕೌಂಟ್ ಸಸ್ಪೆಂಡ್ ಆಯಿತೇ? ಕ್ಷಮೆ ಕೇಳುವ ಮೊದಲು ದೂರನ್ನು ಓದಿ

ನಾನು ಕುಕ್ಕರ್ ಗ್ಯಾಸ್ಕೆಟ್, ಸೀಟಿ, ಸೇಫ್ಟಿ ವಾಲ್ವ್, ಮಿಕ್ಸಿ ಜಾರಿನ ಬ್ಲೇಡ್ ಇಂಥವನ್ನು ಮಾರುವವನು. ದಾವಣಗೆರೆಯಲ್ಲಿ ಸಣ್ಣ ಅಂಗಡಿ ಇದೆ, ಆನ್‌ಲೈನ್‌ನಲ್ಲೂ ಮಾರುತ್ತೇನೆ. ಒಂದು ವರ್ಷ ದೀಪಾವಳಿಗೆ ಹನ್ನೆರಡು ದಿನ ಇರುವಾಗ ಒಂದು ದೊಡ್ಡ ತಾಣದಲ್ಲಿ ನನ್ನ ಅಕೌಂಟ್ ಸಸ್ಪೆಂಡ್ ಆಯಿತು. ಬೌದ್ಧಿಕ ಆಸ್ತಿ (ಐಪಿ) ಉಲ್ಲಂಘನೆಯ ದೂರು, ಅಂದರೆ ಬೇರೆಯವರ ಬ್ರ್ಯಾಂಡ್ ಹೆಸರು, ಫೋಟೋ, ಡಿಸೈನ್ ಇಂಥದ್ದರ ಹಕ್ಕು ಮೀರಿದ ದೂರು ಬಂದಿದೆ ಅಂತ ಮೇಲ್. ಅವರ ಗೋದಾಮಿನಲ್ಲಿ ನನ್ನ ಸ್ಟಾಕ್ ಇತ್ತು, ಎರಡು ವಾರದ ಪೇಮೆಂಟ್ ಬರಬೇಕಿತ್ತು. ಗಾಬರಿಯಲ್ಲಿ ಅರ್ಧ ಗಂಟೆಯೊಳಗೆ ಮೂರು ಪುಟದ ಅಪೀಲ್ ಬರೆದು ಕಳಿಸಿಬಿಟ್ಟೆ. "ದಯವಿಟ್ಟು ಕ್ಷಮಿಸಿ, ಇನ್ನು ಮುಂದೆ ನಕಲಿ ಮಾಲು ಮಾರುವುದಿಲ್ಲ" ಅಂತ ಅದರಲ್ಲಿತ್ತು.

ನಾನು ನಕಲಿ ಮಾಲು ಮಾರಿರಲೇ ಇಲ್ಲ. ದೂರು ಕೂಡ ನಕಲಿ ಮಾಲಿನ ಬಗ್ಗೆ ಇರಲಿಲ್ಲ. ಲಿಸ್ಟಿಂಗ್ (ತಾಣದಲ್ಲಿ ಮಾಲು ತೋರಿಸುವ ಪುಟ) ಟೈಟಲ್‌ನಲ್ಲಿ ಕುಕ್ಕರ್ ಕಂಪನಿಯ ಹೆಸರನ್ನು ಮೊದಲ ಪದವಾಗಿ ಹಾಕಿದ್ದೆ, ಅವರ ತಕರಾರು ಅಷ್ಟೇ. ಮಾಡದ ತಪ್ಪನ್ನು ನಾನೇ ಬರೆದು ಒಪ್ಪಿಕೊಂಡಿದ್ದೆ. ಆ ಒಂದು ವಾಕ್ಯವನ್ನು ಸರಿಮಾಡಿಕೊಳ್ಳಲು ಐದು ವಾರ ಬೇಕಾಯಿತು. ದೀಪಾವಳಿಯೂ ಹೋಯಿತು.

ಆಮೇಲೆ ಪರಿಚಯದ ಎಷ್ಟೋ ಸೆಲ್ಲರ್‌ಗಳ ಅಪೀಲ್ ಓದಿದ್ದೇನೆ, ತಿದ್ದಿಕೊಟ್ಟಿದ್ದೇನೆ. ಹೆಚ್ಚಿನವರು ಎಡವುವುದು ಇಲ್ಲೇ. ದೂರು ಯಾವ ಹಕ್ಕಿನ ಬಗ್ಗೆ, ಅದರಲ್ಲಿ ನಿಜ ಎಷ್ಟು ಅಂತ ತಿಳಿಯುವ ಮೊದಲೇ ಉತ್ತರ ಕೊಟ್ಟುಬಿಡುತ್ತಾರೆ. ಅದಕ್ಕೇ ಈ ಬರಹ.

ಮೊದಲ ದಿನ: ಏನನ್ನೂ ಕಳಿಸಬೇಡಿ, ಎಲ್ಲವನ್ನೂ ಉಳಿಸಿಕೊಳ್ಳಿ

ಮೇಲ್ ಬಂದ ತಕ್ಷಣ ಸ್ಕ್ರೀನ್‌ಶಾಟ್ ತೆಗೆಯಿರಿ. ಮೇಲ್, ಅಕೌಂಟ್ ಹೆಲ್ತ್ ಪುಟ, ದೂರು ಬಂದ ಲಿಸ್ಟಿಂಗ್, ಅದರ ಫೋಟೋಗಳು, ಟೈಟಲ್, ವಿವರಣೆ ಎಲ್ಲವನ್ನೂ. ಲಿಸ್ಟಿಂಗ್ ಆಮೇಲೆ ಕಾಣದೇ ಹೋಗಬಹುದು. ಆಗ ನೀವು ಏನು ಬರೆದಿದ್ದಿರಿ ಎಂಬುದಕ್ಕೆ ನಿಮ್ಮ ಹತ್ತಿರವೇ ಪುರಾವೆ ಇರುವುದಿಲ್ಲ. ಆರ್ಡರ್ ರಿಪೋರ್ಟ್, ಪೇಮೆಂಟ್ ರಿಪೋರ್ಟ್, ಜಿಎಸ್‌ಟಿ ರಿಪೋರ್ಟ್ ಡೌನ್‌ಲೋಡ್ ಆಗುವುದಾದರೆ ಅವತ್ತೇ ಮಾಡಿಕೊಳ್ಳಿ. ಈಗಾಗಲೇ ಬಂದಿರುವ ಆರ್ಡರ್‌ಗಳನ್ನು ಏನು ಮಾಡಬೇಕು ಅಂತ ಮೇಲ್‌ನಲ್ಲಿ ಹೇಳಿದ್ದರೆ ಹಾಗೇ ಮಾಡಿ. ಗಿರಾಕಿಯ ದೂರೊಂದು ಇದರ ಮೇಲೆ ಬಂದು ಕೂರುವುದು ಬೇಡ.

ಹೆಂಡತಿ ಹೆಸರಲ್ಲೋ ತಮ್ಮನ ಹೆಸರಲ್ಲೋ ಹೊಸ ಅಕೌಂಟ್ ತೆರೆಯುವ ಯೋಚನೆ ಬರುತ್ತದೆ. ಬೇಡವೇ ಬೇಡ. ವಿಳಾಸ, ಬ್ಯಾಂಕ್ ಖಾತೆ, ಫೋನ್, ಕಂಪ್ಯೂಟರ್, ಮಾಲು ತೆಗೆದುಕೊಂಡು ಹೋಗುವ ಜಾಗ, ಇವುಗಳಲ್ಲಿ ಯಾವುದಾದರೂ ಒಂದು ಹೊಂದಿಕೆಯಾದರೂ ಎರಡೂ ಅಕೌಂಟ್ ಒಬ್ಬರದ್ದೇ ಅಂತ ತಾಣಕ್ಕೆ ಗೊತ್ತಾಗಬಹುದು. ಆಗ ಅದೂ ಹೋಗುತ್ತದೆ, ಹಳೆಯದರ ಅಪೀಲ್‌ಗೂ ಏಟು ಬೀಳುತ್ತದೆ. ಐಪಿ ದೂರನ್ನು ವಿವರಿಸಿ ಬಿಡಿಸಬಹುದು, ನಿಯಮ ತಪ್ಪಿಸಲು ಎರಡನೇ ಅಕೌಂಟ್ ತೆರೆದದ್ದನ್ನು ವಿವರಿಸುವುದು ಬಹಳ ಕಷ್ಟ.

"24 ಗಂಟೆಯಲ್ಲಿ ಅಕೌಂಟ್ ವಾಪಸ್, ಗ್ಯಾರಂಟಿ" ಅನ್ನುವ ಏಜೆಂಟರ ಫೋನ್‌ಗಳಿಂದಲೂ ದೂರ ಇರಿ. ಅವರಲ್ಲಿ ಅನೇಕರು ಎಲ್ಲರಿಗೂ ಒಂದೇ ರೆಡಿಮೇಡ್ ಪತ್ರ ಕಳಿಸುತ್ತಾರೆ. ಕೆಲವರು ಬಿಲ್ ತಿದ್ದಿ ಕೊಡುತ್ತೇವೆ ಅಂತಲೂ ಹೇಳುತ್ತಾರೆ. ತಿದ್ದಿದ ಬಿಲ್ ಸಿಕ್ಕಿಬಿದ್ದರೆ ಅದು ಐಪಿ ವಿಷಯವಾಗಿ ಉಳಿಯುವುದಿಲ್ಲ, ಮೋಸದ ವಿಷಯವಾಗುತ್ತದೆ.

ಮೇಲ್‌ನಲ್ಲಿ ಹುಡುಕಬೇಕಾದದ್ದು

ಮೊದಲು ನೋಡಬೇಕಾದದ್ದು, ಹೋಗಿರುವುದು ಒಂದು ಲಿಸ್ಟಿಂಗೋ ಇಡೀ ಅಕೌಂಟೋ. ಬಹಳ ಜನ ಲಿಸ್ಟಿಂಗ್ ಹೋದಾಗ ಸುಮ್ನೆ ಬಿಡುತ್ತಾರೆ, "ಒಂದು ಐಟಂ ತಾನೇ" ಅಂತ. ಆ ದೂರುಗಳು ಅಕೌಂಟ್ ಮೇಲೆ ಸೇರುತ್ತಾ ಹೋಗುತ್ತವೆ. ಉದಾಹರಣೆಗೆ ಅಮೆಜಾನ್‌ನಲ್ಲಿ ಅಕೌಂಟ್ ಹೆಲ್ತ್ ರೇಟಿಂಗ್ 0ರಿಂದ 1000ದವರೆಗೆ ಇರುತ್ತದೆ. 200 ಮತ್ತು ಅದಕ್ಕಿಂತ ಮೇಲಿದ್ದರೆ ಹಸಿರು, 100ರಿಂದ 199 ಹಳದಿ, ಅದಕ್ಕೂ ಕೆಳಗೆ ಕೆಂಪು. ಹಳೇ ದೂರೊಂದು ಉತ್ತರ ಇಲ್ಲದೆ ಬಿದ್ದಿರುವಾಗ ಹೊಸದೊಂದು ಬಂದರೆ ಕೆಂಪಿಗೆ ಇಳಿಯಲು ಜಾಸ್ತಿ ಹೊತ್ತು ಬೇಡ.

ಎರಡನೆಯದು, ದೂರು ಕೊಟ್ಟವರು ಯಾರು. ಬ್ರ್ಯಾಂಡಿನವರೇ ಕೊಟ್ಟಿದ್ದರೆ ಅವರ ಹೆಸರು, ಮೇಲ್ ವಿಳಾಸ, ದೂರಿನ ನಂಬರ್ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಕೆಲವು ಸಲ ಯಾರೂ ದೂರು ಕೊಟ್ಟಿರುವುದಿಲ್ಲ, ತಾಣದ ಯಂತ್ರವೇ ಟೈಟಲ್‌ನಲ್ಲಿ ಒಂದು ಹೆಸರು ನೋಡಿ ಅನುಮಾನ ಪಟ್ಟಿರುತ್ತದೆ. ಇನ್ನು ಕೆಲವು ಸಲ ಗಿರಾಕಿ ಮಾಲು ವಾಪಸ್ ಮಾಡುವಾಗ "ಡ್ಯೂಪ್ಲಿಕೇಟ್" ಅಂತ ಒತ್ತಿರುತ್ತಾರೆ. ಈ ಮೂರಕ್ಕೂ ಉತ್ತರ ಬೇರೆ ಬೇರೆ. ಮೊದಲನೆಯದರಲ್ಲಿ ದೂರು ಕೊಟ್ಟವರ ಹತ್ತಿರ ಹೋಗಬೇಕು, ಎರಡನೆಯದರಲ್ಲಿ ಟೈಟಲ್ ವಿವರಿಸಬೇಕು, ಮೂರನೆಯದರಲ್ಲಿ ಖರೀದಿ ಬಿಲ್ ಮಾತಾಡಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಯಾವ ಹಕ್ಕು? ಟ್ರೇಡ್‌ಮಾರ್ಕ್ (ಬ್ರ್ಯಾಂಡ್ ಹೆಸರು, ಲೋಗೋ), ಕಾಪಿರೈಟ್ (ಫೋಟೋ, ಬರಹ), ಡಿಸೈನ್ (ಆಕಾರ), ಪೇಟೆಂಟ್ (ಹೊಸ ಆವಿಷ್ಕಾರ), ಜಿಐ (ಒಂದು ಊರಿನ ವಿಶೇಷ ಮಾಲಿನ ಹೆಸರು), ಇವುಗಳಲ್ಲಿ ಯಾವುದು? ಮೇಲ್‌ನಲ್ಲಿ ಅದು ಸ್ಪಷ್ಟವಾಗಿಲ್ಲದಿದ್ದರೆ ನಿಮ್ಮ ಮೊದಲ ಪತ್ರ ಅಪೀಲ್ ಆಗಿರಬಾರದು. "ಯಾವ ಹಕ್ಕು, ಯಾವ ನೋಂದಣಿ ನಂಬರ್, ಯಾವ ಪ್ರಾಡಕ್ಟ್ ಎಂದು ತಿಳಿಸಿ" ಅಂತ ಎರಡು ಸಾಲಿನ ಪ್ರಶ್ನೆ ಆಗಿರಬೇಕು.

ಟ್ರೇಡ್‌ಮಾರ್ಕ್ ದೂರು

ದೂರಿನಲ್ಲಿ ಇರುವ ನೋಂದಣಿ ನಂಬರನ್ನು ಭಾರತದ ಟ್ರೇಡ್ ಮಾರ್ಕ್ಸ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಹುಡುಕಾಟಕ್ಕೆ ದುಡ್ಡಿಲ್ಲ. ಮಾಲೀಕರ ಹೆಸರು, ಅರ್ಜಿ ಹಾಕಿದ ದಿನ, ಯಾವಾಗಿನಿಂದ ಬಳಸುತ್ತಿದ್ದಾರೆ, ಯಾವ ಕ್ಲಾಸ್ (ಮಾಲಿನ ವರ್ಗ), ಈಗಿನ ಸ್ಥಿತಿ ಏನು, ಎಲ್ಲಾ ಕಾಣುತ್ತದೆ. ಒಟ್ಟು 45 ಕ್ಲಾಸ್‌ಗಳಿವೆ. ಅಡುಗೆ ಪಾತ್ರೆ 21, ಬಟ್ಟೆ 25, ಆಟಿಕೆ 28. ನೋಂದಣಿ 10 ವರ್ಷಕ್ಕೆ, ಆಮೇಲೆ ನವೀಕರಿಸಬೇಕು. ಸ್ಥಿತಿಯಲ್ಲಿ ರಿಜಿಸ್ಟರ್ಡ್ ಅಂತ ಇದೆಯೋ, ಇನ್ನೂ ತಕರಾರಿನಲ್ಲಿದೆಯೋ ನೋಡಿ. ಅರ್ಜಿ ಮಾತ್ರ ಹಾಕಿದವರಿಗೆ ನೋಂದಾಯಿತ ಮಾಲೀಕರ ಹಕ್ಕು ಇರುವುದಿಲ್ಲ, ಹಾಗಿದ್ದರೂ ದೂರು ಕೊಡುವವರಿದ್ದಾರೆ. ಕ್ಲಾಸ್ ಬೇರೆ ಅಂದ ಮಾತ್ರಕ್ಕೆ ನೀವು ಗೆದ್ದಿರಿ ಅಂತಲೂ ಅಲ್ಲ. ಹೆಸರಾಂತ ಬ್ರ್ಯಾಂಡ್ ಆದರೆ ಬೇರೆ ಕ್ಲಾಸ್‌ನಲ್ಲೂ ರಕ್ಷಣೆ ಸಿಗಬಹುದು.

ಈಗ ನಿಮ್ಮದು ಕೆಳಗಿನ ಯಾವ ಪರಿಸ್ಥಿತಿ ಅಂತ ಯೋಚಿಸಿ.

ಒರಿಜಿನಲ್ ಮಾಲನ್ನೇ ಕೊಂಡು ಮಾರುತ್ತಿದ್ದೀರಿ, ಆದರೆ ಬ್ರ್ಯಾಂಡಿನವರು "ಇವರು ನಮ್ಮ ಡೀಲರ್ ಅಲ್ಲ" ಅಂದಿದ್ದಾರೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಸೆಕ್ಷನ್ 30(3) ನಿಮ್ಮ ಕಡೆ ಇದೆ. ಕಾನೂನುಬದ್ಧವಾಗಿ ಕೊಂಡ ಮಾಲನ್ನು ಮತ್ತೆ ಮಾರುವುದು, ಅದರ ಮೇಲೆ ಬ್ರ್ಯಾಂಡ್ ಹೆಸರಿದೆ ಎಂಬ ಕಾರಣಕ್ಕೇ ಉಲ್ಲಂಘನೆ ಆಗುವುದಿಲ್ಲ. ಆದರೆ 30(4) ಕೂಡ ಓದಿ. ಮಾಲಿನ ಸ್ಥಿತಿ ಬದಲಾಗಿದ್ದರೆ, ಹಾಳಾಗಿದ್ದರೆ, ಬ್ರ್ಯಾಂಡಿನವರು ತಡೆಯಬಹುದು. ಪ್ಯಾಕ್ ಬಿಚ್ಚಿ, ಸೀಲ್ ಒಡೆದು, ಕೋಡ್ ಅಳಿಸಿ ಮಾರಿದ್ದರೆ ನಿಮ್ಮ ವಾದಕ್ಕೆ ಬಲ ಇಲ್ಲ. ಹೊರದೇಶದಿಂದ ತರಿಸಿದ ಒರಿಜಿನಲ್ ಮಾಲಿನ ಬಗ್ಗೆ 2012ರಲ್ಲಿ ಕಪಿಲ್ ವಾಧ್ವಾ ಮತ್ತು ಸ್ಯಾಮ್‌ಸಂಗ್ ನಡುವಿನ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್‌ನ ವಿಭಾಗೀಯ ಪೀಠ ಮಾರಾಟಕ್ಕೆ ಅವಕಾಶ ಕೊಟ್ಟಿತು. ಆದರೆ ಇದು ಕಂಪನಿ ತರಿಸಿದ ಮಾಲಲ್ಲ, ಕಂಪನಿಯ ವಾರಂಟಿ ಇಲ್ಲ ಅಂತ ಎದ್ದು ಕಾಣುವಂತೆ ತಿಳಿಸಬೇಕು ಅಂದಿತು. ನಿಮ್ಮ ಲಿಸ್ಟಿಂಗ್‌ನಲ್ಲಿ ಆ ಮಾತು ಇದೆಯೇ? ಇಲ್ಲದಿದ್ದರೆ ಮೊದಲು ಅದನ್ನು ಸೇರಿಸುತ್ತೇನೆ ಅಂತ ಅಪೀಲ್‌ನಲ್ಲಿ ಹೇಳಿ. ನೇರ ಮಾರಾಟದ ಕಂಪನಿಗಳ ವಿಷಯದಲ್ಲೂ ಹಾಗೇ. 2019ರಲ್ಲಿ ಅದೇ ಹೈಕೋರ್ಟಿನ ಏಕಸದಸ್ಯ ಪೀಠ ಅವರ ಒಪ್ಪಿಗೆ ಇಲ್ಲದೆ ತಾಣಗಳಲ್ಲಿ ಮಾರಬಾರದು ಅಂದಿತ್ತು, 2020ರ ಜನವರಿಯಲ್ಲಿ ಅಮೆಜಾನ್ ಮತ್ತು ಆಮ್‌ವೇ ಪ್ರಕರಣದಲ್ಲಿ ವಿಭಾಗೀಯ ಪೀಠ ಅದನ್ನು ರದ್ದು ಮಾಡಿತು.

ಇಲ್ಲೊಂದು ಮಾತು. ಕಾನೂನು ನಿಮ್ಮ ಕಡೆ ಇದ್ದರೂ ತಾಣ ನಿಮ್ಮನ್ನು ಇಟ್ಟುಕೊಳ್ಳಲೇಬೇಕು ಅಂತ ಇಲ್ಲ, ಅವರ ಒಪ್ಪಂದ ಬೇರೆ. ಕೆಲವು ಬ್ರ್ಯಾಂಡ್‌ಗಳನ್ನು ಮಾರಲು ಅವರ ಅನುಮತಿ ಪತ್ರ ಬೇಕೇ ಬೇಕು ಅನ್ನುತ್ತಾರೆ. ಹಾಗಾಗಿ ಸೆಕ್ಷನ್ ಹೆಸರಿಸಿ, ಆದರೆ ಅದರ ಮೇಲೆ ಜಗಳ ಕಟ್ಟಬೇಡಿ. ನೀವು ತೋರಿಸಬೇಕಾದದ್ದು ಬಿಲ್.

ಎರಡನೇ ಪರಿಸ್ಥಿತಿ ನನ್ನದು. ಬಿಡಿಭಾಗ, ಕವರ್, ಚಾರ್ಜರ್, ಟೆಂಪರ್ಡ್ ಗ್ಲಾಸ್ ಮಾರುವವರು ಇದನ್ನು ಗಮನ ಇಟ್ಟು ಓದಿ. ಯಾವ ಕುಕ್ಕರ್‌ಗೆ ಹೊಂದುತ್ತದೆ ಅಂತ ಹೇಳದೆ ಗ್ಯಾಸ್ಕೆಟ್ ಮಾರುವುದು ಹೇಗೆ, ಅಲ್ವಾ? ಸೆಕ್ಷನ್ 30(2)(ಡಿ) ಇದಕ್ಕೇ ಇರುವುದು. ನಿಮ್ಮ ಮಾಲು ಇನ್ನೊಂದು ಮಾಲಿಗೆ ಬಿಡಿಭಾಗವೋ ಜೊತೆ ಸಾಮಾನೋ ಆಗಿದ್ದು, ಅದನ್ನು ತಿಳಿಸಲು ಹೆಸರು ಹೇಳುವುದು ಅಗತ್ಯವಾಗಿದ್ದರೆ ಹೇಳಬಹುದು. ಆದರೆ ಗ್ಯಾಸ್ಕೆಟ್ಟೇ ಆ ಕಂಪನಿಯದ್ದು ಅನ್ನುವ ಭಾವನೆ ಬರಬಾರದು. ನಾನು ಮಾಡಿದ್ದು ಅದೇ ತಪ್ಪು. ಕಂಪನಿ ಹೆಸರು ಮೊದಲು, ಆಮೇಲೆ "ಕುಕ್ಕರ್ ಗ್ಯಾಸ್ಕೆಟ್ 5 ಲೀಟರ್". ಬ್ರ್ಯಾಂಡ್ ಅನ್ನುವ ಕಾಲಂನಲ್ಲೂ ಅವರ ಹೆಸರೇ. ನೋಡಿದವರು ಕಂಪನಿ ಮಾಲು ಅಂತಲೇ ಕೊಳ್ಳುತ್ತಿದ್ದರು. ಈಗ ಬ್ರ್ಯಾಂಡ್ ಕಾಲಂನಲ್ಲಿ ನನ್ನ ಹೆಸರಿದೆ. ಟೈಟಲ್ "ರಬ್ಬರ್ ಗ್ಯಾಸ್ಕೆಟ್, 5 ಲೀಟರ್" ಅಂತ ಶುರುವಾಗಿ, ಕೊನೆಯಲ್ಲಿ ಇಂಥ ಮಾಡೆಲ್‌ಗೆ ಹೊಂದುತ್ತದೆ ಅಂತ ಬರುತ್ತದೆ. ವಿವರಣೆಯ ಮೊದಲ ಸಾಲಲ್ಲೇ "ಇದು ಕುಕ್ಕರ್ ಕಂಪನಿಯ ತಯಾರಿಕೆ ಅಲ್ಲ" ಅಂತ ಇದೆ. ಅವರ ಲೋಗೋ ಯಾವ ಫೋಟೋದಲ್ಲೂ ಇಲ್ಲ.

ಮೂರನೆಯದು, ಬೇರೆಯವರ ಲಿಸ್ಟಿಂಗ್‌ಗೆ ಅಂಟಿಕೊಳ್ಳುವುದು. ಒಬ್ಬರು ತಮ್ಮ ಬ್ರ್ಯಾಂಡಿನ ಕುರ್ತಾಕ್ಕೆ ಲಿಸ್ಟಿಂಗ್ ಮಾಡಿ, ಫೋಟೋ ಹಾಕಿ, ರಿವ್ಯೂ ಗಳಿಸಿರುತ್ತಾರೆ. ಅದೇ ತರಹದ ಕುರ್ತಾ ನಮ್ಮಲ್ಲೂ ಇದೆ ಅಂತ ಅದೇ ಲಿಸ್ಟಿಂಗ್ ಕೆಳಗೆ ಕಡಿಮೆ ಬೆಲೆಗೆ ಸೇರಿಕೊಳ್ಳುವುದು. ತಾಣದಲ್ಲಿ ಆ ಬಟನ್ ಇದೆ, ಹಾಗಾಗಿ ಸರಿ ಅಂತ ಬಹಳ ಜನ ತಿಳಿದಿದ್ದಾರೆ. 2022ರಲ್ಲಿ ಆಕಾಶ್ ಅಗರ್ವಾಲ್ ಮತ್ತು ಫ್ಲಿಪ್‌ಕಾರ್ಟ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಇದು ಬೇರೆಯವರ ಹೆಸರಿನ ಮೇಲೆ ಸವಾರಿ ಮಾಡಿದಂತೆ ಎಂದಿತು. ನಿಮ್ಮದು ಇದೇ ಆಗಿದ್ದರೆ ವಾದ ಬೇಡ. ಇಂಥ ಎಲ್ಲ ಲಿಸ್ಟಿಂಗ್‌ಗಳಿಂದ ಹೊರಗೆ ಬನ್ನಿ, ಬಂದದ್ದನ್ನು ಪಟ್ಟಿ ಮಾಡಿ ಅಪೀಲ್‌ನಲ್ಲಿ ಬರೆಯಿರಿ.

ನಾಲ್ಕನೆಯದು ನಿಜಕ್ಕೂ ನೋವು ಕೊಡುವಂಥದ್ದು. ನೀವು ವರ್ಷಗಳಿಂದ ಬಳಸುತ್ತಿರುವ ಹೆಸರನ್ನು ಇನ್ನೊಬ್ಬರು ನಿನ್ನೆ ಮೊನ್ನೆ ನೋಂದಾಯಿಸಿ ನಿಮ್ಮ ಮೇಲೇ ದೂರು ಕೊಟ್ಟಿರುತ್ತಾರೆ. ಸೆಕ್ಷನ್ 34 ನೋಡಿ. ಅವರು ಬಳಸಲು ಶುರುಮಾಡಿದ ದಿನ ಮತ್ತು ನೋಂದಣಿಯ ದಿನ, ಇವೆರಡರಲ್ಲಿ ಯಾವುದು ಮೊದಲೋ ಅದಕ್ಕೂ ಮುಂಚಿನಿಂದ ನೀವು ಬಿಡದೆ ಬಳಸುತ್ತಿದ್ದರೆ ಅವರು ನಿಮ್ಮನ್ನು ತಡೆಯುವಂತಿಲ್ಲ. ಹಳೇ ಬಿಲ್ ಪುಸ್ತಕ, ಪ್ಯಾಕಿಂಗ್ ಕವರ್ ಪ್ರಿಂಟ್ ಮಾಡಿಸಿದ ರಸೀದಿ, ಹಳೇ ಆರ್ಡರ್‌ಗಳು, ಪಾಂಪ್ಲೆಟ್, ದಿನಾಂಕ ಇರುವ ಯಾವುದನ್ನೂ ಎಸೆಯಬೇಡಿ.

ಕಾಪಿರೈಟ್ ದೂರು

ಇದು ಹೆಚ್ಚಾಗಿ ಫೋಟೋ ವಿಷಯ. ಗೂಗಲ್‌ನಿಂದ ತೆಗೆದ ಫೋಟೋ, ಹೋಲ್‌ಸೇಲ್‌ನವರು ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋ, ಇನ್ನೊಬ್ಬ ಸೆಲ್ಲರ್‌ನ ಫೋಟೋ. ಮಾಲು ಒಂದೇ ಆದರೂ ಫೋಟೋ ತೆಗೆದವರದ್ದು. ಮೇಲೆ ಹೇಳಿದ ಸೆಕ್ಷನ್ 30 ಟ್ರೇಡ್‌ಮಾರ್ಕ್‌ದ್ದು, ಫೋಟೋಗೆ ಅದು ಅನ್ವಯಿಸುವುದಿಲ್ಲ. ಬೇರೆಯವರ ಫೋಟೋ ಹಾಕಿದ್ದರೆ ತೆಗೆದುಬಿಡಿ, ನಿಮ್ಮ ಮೊಬೈಲಿನಲ್ಲೇ ಕಿಟಕಿ ಬೆಳಕಿನಲ್ಲಿ ಹೊಸದು ತೆಗೆಯಿರಿ, ಎರಡನ್ನೂ ಪಕ್ಕಪಕ್ಕ ಇಟ್ಟು ಅಪೀಲ್ ಜೊತೆ ಕಳಿಸಿ. ಇಂಥವು ಬೇಗ ಬಗೆಹರಿಯುತ್ತವೆ.

ಫೋಟೋ ನಿಮ್ಮದೇ ಆಗಿದ್ದು, ಕದ್ದವರೇ ದೂರು ಕೊಟ್ಟಿದ್ದರೆ? ಅಂಥದ್ದೂ ಆಗುತ್ತದೆ. ಕ್ಯಾಮೆರಾದಿಂದ ಬಂದ ಮೂಲ ಫೈಲ್ ಕೊಡಿ, ಅದರಲ್ಲಿ ದಿನಾಂಕ ಇರುತ್ತದೆ. ಅದೇ ಶೂಟಿನ ಬೇರೆ ಫೋಟೋಗಳನ್ನೂ ಕೊಡಿ, ಕದ್ದವರ ಹತ್ತಿರ ಅವು ಇರುವುದಿಲ್ಲ. ಸ್ಟುಡಿಯೋದವರಿಗೆ ದುಡ್ಡು ಕೊಟ್ಟು ತೆಗೆಸಿದ್ದರೆ, 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 17ರ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಅದರ ಮೊದಲ ಮಾಲೀಕರು ತೆಗೆಸಿದ ನೀವೇ. ಸ್ಟುಡಿಯೋ ಬಿಲ್ ಸಾಕು. ಕಾಪಿರೈಟ್‌ಗೆ ನೋಂದಣಿ ಕಡ್ಡಾಯ ಅಲ್ಲ, ಹಾಗಾಗಿ "ನೀವು ನೋಂದಾಯಿಸಿಲ್ಲ" ಅಂತ ಯಾರಾದರೂ ಹೇಳಿದರೆ ಹೆದರಬೇಡಿ.

2013ರ ಕಾಪಿರೈಟ್ ನಿಯಮಗಳ 75ನೇ ನಿಯಮವನ್ನೂ ತಿಳಿದಿರಿ. ದೂರು ಬಂದ ಮೇಲೆ ತಾಣ 36 ಗಂಟೆಯೊಳಗೆ ಆ ಫೋಟೋವನ್ನು ತಡೆಹಿಡಿಯಬೇಕು. ದೂರು ತಲುಪಿ 21 ದಿನದೊಳಗೆ ದೂರುದಾರರು ಕೋರ್ಟ್ ಆದೇಶ ತರದಿದ್ದರೆ ತಾಣ ಅದನ್ನು ಮತ್ತೆ ತೆರೆಯಬಹುದು. ಅಪೀಲ್‌ನಲ್ಲಿ ಇದನ್ನು ಹೆಸರಿಸಿ, 22ನೇ ದಿನ ನೆನಪಿಸಿ. ಅಮೆರಿಕದ ತಾಣಕ್ಕೆ ಮಾಲು ಕಳಿಸುವವರಿಗೆ ಲೆಕ್ಕ ಬೇರೆ. ಅಲ್ಲಿ ಡಿಎಂಸಿಎ (ಅಮೆರಿಕದ ಕಾಪಿರೈಟ್ ಕಾಯ್ದೆ) ಪ್ರಕಾರ, ದೂರು ತಪ್ಪು ಅಂತ ಎದುರು ನೋಟಿಸ್ ಕೊಟ್ಟರೆ, ದೂರುದಾರರು ಕೋರ್ಟಿಗೆ ಹೋಗದಿದ್ದಲ್ಲಿ 10ರಿಂದ 14 ಕೆಲಸದ ದಿನಗಳಲ್ಲಿ ವಾಪಸ್ ಹಾಕಬೇಕು. ಆದರೆ ಆ ನೋಟಿಸಿಗೆ ಸಹಿ ಹಾಕಿದರೆ ಅಮೆರಿಕದ ಕೋರ್ಟಿನ ವ್ಯಾಪ್ತಿಗೆ ಒಪ್ಪಿದಂತೆ. ಫೋಟೋ ನೂರಕ್ಕೆ ನೂರು ನಿಮ್ಮದೇ ಆಗಿದ್ದರೆ ಮಾತ್ರ ಆ ದಾರಿ ಹಿಡಿಯಿರಿ.

ಡಿಸೈನ್, ಪೇಟೆಂಟ್, ಜಿಐ

ಡಿಸೈನ್ ಅಂದರೆ ವಸ್ತುವಿನ ಆಕಾರ, ಹೊರನೋಟ. ನೋಂದಣಿ 10 ವರ್ಷ, ಇನ್ನೂ 5 ವರ್ಷ ಮುಂದುವರಿಸಬಹುದು. ಎಲ್ಲಾ ಕಡೆ ಸಿಗುವ ತರಕಾರಿ ಕಟ್ಟರ್‌ನಂಥ ಮಾಲಿಗೆ ಒಬ್ಬರು ಡಿಸೈನ್ ನೋಂದಾಯಿಸಿ ಉಳಿದವರ ಮೇಲೆಲ್ಲಾ ದೂರು ಕೊಡುವುದು ನಡೆಯುತ್ತದೆ. ಅದಕ್ಕೆ ಮದ್ದು ದಿನಾಂಕ. ಅವರು ಅರ್ಜಿ ಹಾಕುವ ಮೊದಲೇ ಅದೇ ಆಕಾರದ ಮಾಲು ಮಾರುಕಟ್ಟೆಯಲ್ಲಿತ್ತು ಅಂತ ತೋರಿಸಿದರೆ ನೋಂದಣಿಯೇ ಅಲ್ಲಾಡುತ್ತದೆ. 2000ದ ಡಿಸೈನ್ಸ್ ಕಾಯ್ದೆಯ ಸೆಕ್ಷನ್ 19ರ ಕೆಳಗೆ ರದ್ದು ಮಾಡಿ ಅಂತ ಅರ್ಜಿ ಹಾಕಬಹುದು. ಹಳೇ ಕ್ಯಾಟಲಾಗ್, ಹಳೇ ಲಿಸ್ಟಿಂಗ್, ದಿನಾಂಕ ಇರುವ ವಿಡಿಯೋ, ಇವೆಲ್ಲಾ ಪುರಾವೆಯೇ.

ಪೇಟೆಂಟ್ ಆದರೆ ನೀವೇ ಉತ್ತರ ಬರೆಯಲು ಹೋಗಬೇಡಿ, ಪೇಟೆಂಟ್ ಏಜೆಂಟರಿಗೆ ತೋರಿಸಿ.

ಜಿಐ ನಮ್ಮ ರಾಜ್ಯದವರಿಗೆ ಹತ್ತಿರದ ವಿಷಯ. ಚನ್ನಪಟ್ಟಣದ ಗೊಂಬೆ, ಇಳಕಲ್ ಸೀರೆ, ಮೊಳಕಾಲ್ಮೂರು ಸೀರೆ, ಮೈಸೂರು ಸಿಲ್ಕ್, ಬಿದ್ರಿ ಕಲೆ, ಕಿನ್ನಾಳ ಗೊಂಬೆ, ಬ್ಯಾಡಗಿ ಮೆಣಸಿನಕಾಯಿ, ಇವೆಲ್ಲಾ ಜಿಐ ನೋಂದಣಿ ಇರುವ ಹೆಸರುಗಳು. ಬೇರೆ ಕಡೆ ಮಿಲ್ಲಿನಲ್ಲಿ ನೇಯ್ದ ಸೀರೆಗೆ ಇಳಕಲ್ ಅಂತ ಟೈಟಲ್ ಕೊಟ್ಟಿದ್ದರೆ ಅದು ತಪ್ಪು, ಅಪೀಲ್‌ನಲ್ಲಿ ಹಾಗಂತ ಒಪ್ಪಿ ಹೆಸರು ತೆಗೆಯಿರಿ. ನಿಜವಾದ ನೇಕಾರರಿಂದ ಕೊಂಡು ಮಾರುತ್ತಿದ್ದರೆ ಅವರ ಅಧಿಕೃತ ಬಳಕೆದಾರ ನೋಂದಣಿಯ ಪ್ರತಿ ಕೇಳಿ ತೆಗೆದುಕೊಳ್ಳಿ. ಅದನ್ನು ಕೊಡುವುದು ಚೆನ್ನೈನ ಜಿಐ ರಿಜಿಸ್ಟ್ರಿ. ನೇಕಾರರು ನೋಂದಣಿ ಮಾಡಿಸಿಲ್ಲದಿದ್ದರೆ ಅರ್ಜಿ ಹಾಕಲು ನೀವೇ ಸಹಾಯ ಮಾಡಿ. ಅವರಿಗೂ ಒಳ್ಳೆಯದು, ನಿಮಗೂ.

ದೂರು ಕೊಟ್ಟವರಿಗೆ ಬರೆಯಿರಿ

ಬ್ರ್ಯಾಂಡಿನವರೇ ದೂರು ಕೊಟ್ಟಿದ್ದರೆ ಎಲ್ಲಕ್ಕಿಂತ ಹತ್ತಿರದ ದಾರಿ ಇದು. ಅವರು ದೂರು ವಾಪಸ್ ಪಡೆದರೆ ತಾಣಕ್ಕೆ ಹೆಚ್ಚು ಮಾತಿಲ್ಲ. ಮೇಲ್ ಚಿಕ್ಕದಾಗಿರಲಿ. ನಾನು ಕಳಿಸಿದ್ದರ ಸಾರ ಹೀಗಿತ್ತು (ಕಳಿಸುವಾಗ ಇಂಗ್ಲಿಷ್‌ನಲ್ಲಿ ಬರೆದೆ):

"ನಮಸ್ಕಾರ. ದೂರು ನಂಬರ್ ಇಷ್ಟು, ಪ್ರಾಡಕ್ಟ್ ನಂಬರ್ ಇಷ್ಟು. ನಾನು ನಿಮ್ಮ ಕುಕ್ಕರ್‌ಗೆ ಹೊಂದುವ ಗ್ಯಾಸ್ಕೆಟ್ ಮಾರುತ್ತೇನೆ. ಟೈಟಲ್‌ನಲ್ಲಿ ನಿಮ್ಮ ಹೆಸರನ್ನು ಬಳಸಿದ ರೀತಿಯಿಂದ ಅದು ನಿಮ್ಮ ತಯಾರಿಕೆ ಎಂಬ ಭಾವನೆ ಬರುತ್ತಿತ್ತು ಎಂದು ಗೊತ್ತಾಗಿದೆ. ಆ ಲಿಸ್ಟಿಂಗ್ ತೆಗೆದಿದ್ದೇನೆ. ಹೊಸ ಟೈಟಲ್ ಹೀಗಿರುತ್ತದೆ. ನಿಮ್ಮ ಲೋಗೋ ಎಲ್ಲೂ ಬಳಸುವುದಿಲ್ಲ. ಇದು ನಿಮಗೆ ಒಪ್ಪಿಗೆ ಆದರೆ, ದೂರು ಕೊಟ್ಟ ಮೇಲ್ ವಿಳಾಸದಿಂದಲೇ ತಾಣಕ್ಕೆ ಬರೆದು ದೂರು ವಾಪಸ್ ಪಡೆಯಬೇಕಾಗಿ ವಿನಂತಿ."

ಕೊನೆಯ ಸಾಲಿನ "ಅದೇ ಮೇಲ್ ವಿಳಾಸದಿಂದಲೇ" ಮರೆಯಬೇಡಿ. ಬೇರೆ ವಿಳಾಸದಿಂದ ಬಂದ ವಾಪಸಾತಿಯನ್ನು, ಅಥವಾ ನೀವು ಮುಂದೆ ಕಳಿಸಿದ ಪ್ರತಿಯನ್ನು ತಾಣ ಒಪ್ಪುವುದು ಕಷ್ಟ. ದೂರಿನ ನಂಬರ್ ಕೂಡ ಅದರಲ್ಲಿ ಇರಬೇಕು. ನಾಲ್ಕೈದು ದಿನ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ, ಒಮ್ಮೆ ಫೋನ್ ಮಾಡಿ. ಬೈಯಬೇಡಿ, ಬೇಡಿಕೊಳ್ಳಲೂ ಬೇಡಿ. ಅವರು ಪರಿಹಾರದ ದುಡ್ಡು ಕೇಳಿದರೆ, ಮುಚ್ಚಳಿಕೆಗೆ ಸಹಿ ಹಾಕಿ ಅಂದರೆ, ವಕೀಲರಿಗೆ ತೋರಿಸದೆ ಸಹಿ ಮಾಡಬೇಡಿ.

ಬಿಲ್‌ಗಳು

ಒರಿಜಿನಲ್ ಮಾಲು ಅಂತ ಸಾಬೀತು ಮಾಡುವುದು ಖರೀದಿ ಬಿಲ್. ಹಿಂದಿನ 365 ದಿನದೊಳಗಿನ ಬಿಲ್ ಕೇಳುವುದು ರೂಢಿ. ಅದರಲ್ಲಿ ಸಪ್ಲೈಯರ್ ಹೆಸರು, ವಿಳಾಸ, ಫೋನ್, ಜಿಎಸ್‌ಟಿ ನಂಬರ್, ನಿಮ್ಮ ಸೆಲ್ಲರ್ ಅಕೌಂಟ್‌ನಲ್ಲಿ ಇರುವ ಹೆಸರು ಮತ್ತು ವಿಳಾಸ, ಮಾಲಿನ ಪೂರ್ತಿ ಹೆಸರು ಇರಬೇಕು. ಸಂಖ್ಯೆ ನೀವು ಮಾರಿದ್ದಕ್ಕೆ ಹೊಂದಬೇಕು. 400 ಪೀಸ್ ಮಾರಿ 50 ಪೀಸ್ ಬಿಲ್ ತೋರಿಸಿದರೆ ಉಳಿದ 350 ಎಲ್ಲಿಂದ ಬಂತು ಅಂತ ಕೇಳದೇ ಇರುತ್ತಾರೆಯೇ?

ನಮ್ಮವರು ಸಿಕ್ಕಿಬೀಳುವುದು ಕಚ್ಚಾ ಬಿಲ್‌ನಲ್ಲಿ. ಹೋಲ್‌ಸೇಲ್ ಅಂಗಡಿಯಲ್ಲಿ ಜಿಎಸ್‌ಟಿ ಉಳಿಯುತ್ತದೆ ಅಂತ ಚೀಟಿ ಮೇಲೆ ಬರೆಸಿಕೊಂಡು ಬರುತ್ತೇವೆ. ಆ ಚೀಟಿಗೆ ಇಲ್ಲಿ ಬೆಲೆ ಇಲ್ಲ. ಪಕ್ಕಾ ಬಿಲ್ ಇದ್ದರೂ "ಅಸಾರ್ಟೆಡ್ ಐಟಂಸ್" ಅಂತ ಒಂದೇ ಸಾಲು ಬರೆದಿದ್ದರೆ ಅದೂ ಕೆಲಸಕ್ಕೆ ಬಾರದು. ಈಗ ನಿಮ್ಮ ಹತ್ತಿರ ಇಂಥ ಬಿಲ್ ಮಾತ್ರ ಇದ್ದರೆ ಅದನ್ನು ತಿದ್ದಬೇಡಿ. ಸಪ್ಲೈಯರ್ ಹತ್ತಿರ ಹೋಗಿ, ಇಂಥ ದಿನ ಇಷ್ಟು ಮಾಲು ಕೊಟ್ಟಿದ್ದೇವೆ ಅಂತ ಅವರ ಲೆಟರ್‌ಹೆಡ್ ಮೇಲೆ ಪತ್ರ ಕೇಳಿ. ದುಡ್ಡು ಕೊಟ್ಟ ಬ್ಯಾಂಕ್ ಸ್ಟೇಟ್‌ಮೆಂಟ್, ಸಾಗಣೆಯ ರಸೀದಿ ಜೊತೆಗಿಡಿ. ಬಿಲ್‌ನಷ್ಟು ಬಲ ಇಲ್ಲ, ಆದರೆ ನಿಜ. ಬೆಲೆಯನ್ನು ಮುಚ್ಚಿ ಕಳಿಸಬಹುದೇ ಅಂತ ತಾಣದ ಸೂಚನೆಯಲ್ಲಿ ನೋಡಿಕೊಳ್ಳಿ, ಉಳಿದ ಯಾವುದನ್ನೂ ಮುಚ್ಚಬೇಡಿ.

ಈಗ ಅಪೀಲ್ ಬರೆಯಿರಿ

ಒಂದು ಪುಟ ಸಾಕು. ಓದುವವರು ದಿನಕ್ಕೆ ಇಂಥ ಎಷ್ಟೋ ಪತ್ರ ನೋಡುತ್ತಾರೆ. ನಿಮ್ಮ ಮನೆಯ ಕಷ್ಟ, ಸಾಲದ ಕಂತು, ಮಕ್ಕಳ ಫೀಸು ನಿಜವೇ. ನಾನೂ ಮೊದಲ ಪತ್ರದಲ್ಲಿ ಅದನ್ನೇ ಬರೆದಿದ್ದೆ. ಅವರಿಗೆ ಬೇಕಾಗಿರುವುದು ಮೂರೇ ಮಾತು: ಏನಾಯಿತು, ಈಗ ಏನು ಮಾಡಿದ್ದೀರಿ, ಮುಂದೆ ಆಗದಂತೆ ಏನು ಬದಲಿಸಿದ್ದೀರಿ. ಇದನ್ನೇ ಅವರು ಪ್ಲಾನ್ ಆಫ್ ಆ್ಯಕ್ಷನ್ ಅನ್ನುವುದು.

"ಏನಾಯಿತು" ಎಂಬಲ್ಲಿ ನಡೆದದ್ದನ್ನಷ್ಟೇ ಹೇಳಿ. "ನನಗೆ ನಿಯಮ ಗೊತ್ತಿರಲಿಲ್ಲ" ಅಂದರೆ ಕಾರಣ ಹೇಳಿದಂತಲ್ಲ. "ನಾನು ಉಲ್ಲಂಘನೆ ಮಾಡಿದ್ದೇನೆ" ಅಂತ ಬರೆದರೆ ಕೋರ್ಟಿಗೆ ಹೋದರೂ ಅದು ನಿಮ್ಮ ವಿರುದ್ಧವೇ ನಿಲ್ಲುತ್ತದೆ. ನನ್ನ ಮೂರನೇ ಅಪೀಲ್‌ನಲ್ಲಿ ಇದ್ದದ್ದು ಹೀಗೆ: "ಬ್ರ್ಯಾಂಡ್ ಕಾಲಂನಲ್ಲಿ ಮತ್ತು ಟೈಟಲ್ ಆರಂಭದಲ್ಲಿ ಕುಕ್ಕರ್ ತಯಾರಕರ ಹೆಸರು ಇತ್ತು. ಮಾಲು ನನ್ನ ಸಪ್ಲೈಯರ್ ತಯಾರಿಸಿದ್ದು, ಬಿಲ್ ಲಗತ್ತಿಸಿದೆ. ಮೊದಲ ಅಪೀಲ್‌ನಲ್ಲಿ ನಕಲಿ ಮಾಲು ಎಂದು ಬರೆದದ್ದು ದೂರನ್ನು ತಪ್ಪಾಗಿ ತಿಳಿದಿದ್ದರಿಂದ. ದೂರು ಹೆಸರಿನ ಬಳಕೆಯ ಬಗ್ಗೆ ಮಾತ್ರ ಇದೆ." ನೀವೂ ಹಿಂದೆ ಏನಾದರೂ ತಪ್ಪಾಗಿ ಒಪ್ಪಿಕೊಂಡಿದ್ದರೆ ಹೀಗೆ ನೇರವಾಗಿ ಸರಿಪಡಿಸಿ. ಅದನ್ನು ಹೇಳದೆ ಹೊಸ ಕತೆ ಬರೆದರೆ ಎರಡು ಪತ್ರ ಒಂದಕ್ಕೊಂದು ಜಗಳವಾಡುತ್ತವೆ.

"ಏನು ಮಾಡಿದ್ದೀರಿ" ಎಂಬಲ್ಲಿ ಮುಗಿದ ಕೆಲಸ ಮಾತ್ರ ಬರೆಯಿರಿ, ಲೆಕ್ಕದ ಜೊತೆ. "ಎಲ್ಲಾ ಲಿಸ್ಟಿಂಗ್ ಪರಿಶೀಲಿಸುತ್ತೇವೆ" ಅನ್ನುವುದಕ್ಕಿಂತ "112 ಲಿಸ್ಟಿಂಗ್ ನೋಡಿದೆ, 19ರಲ್ಲಿ ಇದೇ ತೊಂದರೆ ಇತ್ತು, ಅವನ್ನು ತೆಗೆದಿದ್ದೇನೆ, ಪಟ್ಟಿ ಲಗತ್ತಿಸಿದೆ" ಅನ್ನುವುದು ಮೇಲು. ಮುಂದಿನ ಕ್ರಮವೂ ಹಾಗೇ ಇರಲಿ. ಯಾರು, ಯಾವಾಗ, ಏನು ನೋಡುತ್ತಾರೆ. ನಾನು ಮತ್ತು ನನ್ನ ಅಂಗಡಿಯ ಹುಡುಗ ಇಬ್ಬರೇ ಇರುವುದು, ಹಾಗಾಗಿ "ನಮ್ಮ ಲೀಗಲ್ ತಂಡ" ಅಂತೆಲ್ಲಾ ಬರೆಯಲಿಲ್ಲ. ಹೊಸ ಲಿಸ್ಟಿಂಗ್ ಹಾಕುವ ಮೊದಲು ಟೈಟಲ್‌ನಲ್ಲಿ ಬರುವ ಪ್ರತಿ ಹೆಸರನ್ನೂ ರಿಜಿಸ್ಟ್ರಿಯಲ್ಲಿ ಹುಡುಕಿ ಸ್ಕ್ರೀನ್‌ಶಾಟ್ ಇಡುತ್ತೇನೆ ಅಂತ ಬರೆದೆ. ಈಗಲೂ ಮಾಡುತ್ತೇನೆ.

ದೂರು ನಿಜವಾಗಿದ್ದು, ಮಾಲೇ ನಕಲಿ ಅಂತ ಗೊತ್ತಾದರೆ? ಆಗ ಸತ್ಯ ಹೇಳಿ. ಆ ಸಪ್ಲೈಯರ್‌ನನ್ನು ಬಿಟ್ಟದ್ದು, ಉಳಿದ ಸ್ಟಾಕ್ ಮಾರಾಟದಿಂದ ತೆಗೆದದ್ದು, ಎಷ್ಟು ಪೀಸ್ ಅಂತ ಎಲ್ಲಾ ಬರೆಯಿರಿ. ಆದರೆ ಕಳಿಸುವ ಮೊದಲು ವಕೀಲರಿಗೆ ತೋರಿಸಿ, ನಕಲಿ ಟ್ರೇಡ್‌ಮಾರ್ಕ್ ಇರುವ ಮಾಲು ಮಾರುವುದು ಕ್ರಿಮಿನಲ್ ಅಪರಾಧ ಕೂಡ ಆಗುತ್ತದೆ.

ತಿರಸ್ಕರಿಸಿದರೆ

ಅದೇ ಪತ್ರವನ್ನು ಮತ್ತೆ ಕಳಿಸಬೇಡಿ. ತಿರಸ್ಕಾರದ ಮೇಲ್‌ನಲ್ಲಿ ಇನ್ನೇನು ಬೇಕು ಅಂತ ಒಂದು ಸಾಲಾದರೂ ಇರುತ್ತದೆ, ಅದಕ್ಕೆ ಮಾತ್ರ ಉತ್ತರ ಕೊಡಿ. ಸೆಲ್ಲರ್ ಸಪೋರ್ಟ್ ಫೋನ್ ಸಿಗುವುದಾದರೆ ಮಾತಾಡಿ, ಯಾವ ಕಾಗದ ಸಾಲಲಿಲ್ಲ ಅಂತ ಕೇಳಿ, ಮಾತು ಮುಗಿದ ಮೇಲೆ ಅದನ್ನೇ ಮೇಲ್‌ನಲ್ಲಿ ಬರೆದು ಕಳಿಸಿ.

ಆಮೇಲೆ ತಾಣದ ಗ್ರೀವೆನ್ಸ್ ಆಫೀಸರ್‌ಗೆ (ದೂರು ಕೇಳುವ ಅಧಿಕಾರಿಗೆ) ಬರೆಯಿರಿ. ಅವರ ಹೆಸರು, ವಿಳಾಸ ತಾಣದಲ್ಲೇ ಇರಬೇಕು ಅಂತ ನಿಯಮ ಇದೆ. 2020ರ ಇ-ಕಾಮರ್ಸ್ ನಿಯಮಗಳಲ್ಲಿ 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಅಂತ ಇರುವುದು ಗ್ರಾಹಕರ ದೂರಿಗೆ, ಸೆಲ್ಲರ್‌ಗೆ ಅದು ನೇರವಾಗಿ ಸಿಗುವುದಿಲ್ಲ. ಆದರೆ ಅದೇ ನಿಯಮಗಳ 5(5) ನಮಗೆ ಉಪಯೋಗ. ಪದೇ ಪದೇ ಕಾಪಿರೈಟ್, ಟ್ರೇಡ್‌ಮಾರ್ಕ್ ದೂರಿನಿಂದ ಮಾಲು ತೆಗೆಸಿಕೊಂಡ ಸೆಲ್ಲರ್‌ಗಳ ದಾಖಲೆ ತಾಣ ಇಡಬೇಕು, ಆದರೆ ಅಂಥ ಸೆಲ್ಲರ್‌ನನ್ನು ತೆಗೆದುಹಾಕಲೇಬೇಕು ಅಂತ ಇಲ್ಲ, ಬೇಕಾದರೆ ತಾವಾಗಿ ತೆಗೆಯಬಹುದು ಅಂತ ಅಲ್ಲಿ ಸ್ಪಷ್ಟವಾಗಿ ಇದೆ. "ಕಾನೂನಿನಿಂದ ನಮ್ಮ ಕೈ ಕಟ್ಟಿದೆ" ಅಂತ ಉತ್ತರ ಬಂದರೆ ಇದನ್ನು ತೋರಿಸಿ.

ದೂರು ಸುಳ್ಳು ಅಂತ ಖಚಿತವಾಗಿದ್ದರೆ ದೂರುದಾರರ ಮೇಲೆ ಹೋಗಲೂ ದಾರಿ ಇದೆ. ಆಧಾರ ಇಲ್ಲದ ಬೆದರಿಕೆ ಹಾಕಿದವರ ವಿರುದ್ಧ ಟ್ರೇಡ್‌ಮಾರ್ಕ್ ಕಾಯ್ದೆಯ ಸೆಕ್ಷನ್ 142, ಕಾಪಿರೈಟ್ ಕಾಯ್ದೆಯ ಸೆಕ್ಷನ್ 60, ಪೇಟೆಂಟ್ ಕಾಯ್ದೆಯ ಸೆಕ್ಷನ್ 106ರ ಕೆಳಗೆ ದಾವೆ ಹೂಡಬಹುದು. ಬೆದರಿಕೆ ನಿಲ್ಲಿಸುವ ಆದೇಶವನ್ನೂ, ನಷ್ಟವನ್ನೂ ಕೇಳಬಹುದು. ಅವರು ನೋಂದಾಯಿತ ಮಾಲೀಕರಾಗಿದ್ದು ತಡಮಾಡದೆ ತಾವೇ ಉಲ್ಲಂಘನೆಯ ದಾವೆ ಹೂಡಿದರೆ 142 ಕೆಲಸ ಮಾಡುವುದಿಲ್ಲ. ಎಷ್ಟೋ ಸಲ ವಕೀಲರ ಒಂದು ನೋಟಿಸಿಗೇ ದೂರು ವಾಪಸ್ ಬರುತ್ತದೆ. ತಾಣದ ಮೇಲೆಯೇ ಹೋಗುವುದಾದರೆ ಮೊದಲು ನೀವು ಒಪ್ಪಿದ ಸೆಲ್ಲರ್ ಒಪ್ಪಂದ ತೆಗೆದು, ಮಧ್ಯಸ್ಥಿಕೆಯ ಕಲಂ ಇದೆಯೇ, ಯಾವ ಊರಿನ ಕೋರ್ಟ್ ಅಂತ ಬರೆದಿದೆ, ಹಿಡಿದಿಟ್ಟ ಪೇಮೆಂಟ್ ಎಷ್ಟು ದಿನದಲ್ಲಿ ಕೊಡಬೇಕು ಅಂತ ಇದೆ, ಇವನ್ನು ಗುರುತು ಹಾಕಿಕೊಂಡು ವಕೀಲರ ಹತ್ತಿರ ಹೋಗಿ.

ಅಕೌಂಟ್ ವಾಪಸ್ ಬಂದ ಮೇಲೆ

ಮೊದಲ ವಾರ ಮಾರಾಟಕ್ಕೆ ಓಡಬೇಡಿ. ತೆಗೆದ ಲಿಸ್ಟಿಂಗನ್ನು ಬೇರೆ ಟೈಟಲ್‌ನಲ್ಲಿ ಹಾಗೇ ಮತ್ತೆ ಹಾಕಬೇಡಿ, ಅಪೀಲ್‌ನಲ್ಲಿ ಕೊಟ್ಟ ಮಾತಿನಂತೆ ಹೊಸದಾಗಿ ಮಾಡಿ. ಸಪ್ಲೈಯರ್‌ಗೆ ಹೇಳಿ ಬಿಲ್‌ನಲ್ಲಿ ಪ್ರತಿ ಐಟಂ ಬೇರೆ ಸಾಲಿನಲ್ಲಿ ಬರೆಸಿ. ನಿಮ್ಮದೇ ಹೆಸರಿನ ಟ್ರೇಡ್‌ಮಾರ್ಕ್ ಅರ್ಜಿ ಹಾಕಿ. ಒಬ್ಬರೇ ನಡೆಸುವ ವ್ಯಾಪಾರಕ್ಕೆ, ಸಣ್ಣ ಉದ್ದಿಮೆಗೆ ಆನ್‌ಲೈನ್ ಅರ್ಜಿ ಶುಲ್ಕ ಒಂದು ಕ್ಲಾಸ್‌ಗೆ 4,500 ರೂಪಾಯಿ. ನೋಂದಣಿ ಆಗುವವರೆಗೆ ವೃತ್ತದೊಳಗಿನ 'ಆರ್' ಗುರುತು ಹಾಕಬೇಡಿ. ನೋಂದಣಿ ಇಲ್ಲದೆ ಹಾಗೆ ತೋರಿಸಿಕೊಂಡರೆ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಸೆಕ್ಷನ್ 107ರ ಪ್ರಕಾರ ದಂಡ ಬೀಳುತ್ತದೆ.

ನನ್ನ ಅಕೌಂಟ್ ತೆರೆದಾಗ 19 ಲಿಸ್ಟಿಂಗ್‌ಗಳಲ್ಲಿ 7ನ್ನು ಮಾತ್ರ ಹಾಗೆ ಹೊಸದಾಗಿ ಮಾಡಿ ಹಾಕಿದೆ. ದೂರು ಕೊಟ್ಟಿದ್ದ ಕಂಪನಿಗೆ ಆ 7ರ ಲಿಂಕ್‌ಗಳನ್ನು ನಾನೇ ಕಳಿಸಿ, ತಕರಾರು ಇದ್ದರೆ ಮೊದಲು ನನಗೆ ತಿಳಿಸಿ ಅಂತ ಬರೆದೆ. ಎರಡು ದಿನ ಬಿಟ್ಟು ಒಂದೇ ಸಾಲಿನ ಉತ್ತರ ಬಂತು, ತಕರಾರಿಲ್ಲ ಅಂತ. ಆ ಮೇಲನ್ನು ಪ್ರಿಂಟ್ ಮಾಡಿ ಬಿಲ್‌ಗಳ ಫೈಲಿನಲ್ಲೇ ಇಟ್ಟಿದ್ದೇನೆ.